ಗೆಳೆಯ ಕೊಟ್ಟ ಗಂಟು

ಹಿಂದೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಟಿಪ್ಪಣಿ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದುವೆಂದು ಹಿರಿಯರು ಹೇಳುತ್ತಾರೆ. ಪರೀಕ್ಷೆಯ ಹಿಂದಿನ ವಾರ ಎರವಲು ಹೋದ ಪುಸ್ತಕ ಫಲಿತಾಂಶ ಬಂದ ಮೇಲೂ ಹಿಂತಿರುಗದಿದ್ದರೆ ನಷ್ಟ ಕೊಟ್ಟವನಿಗೆ. ತೆಗೆದುಕೊಂಡವನಿಗೆ ಯಾವ ಭಯವೂ ಇರಲಿಲ್ಲ. ಈಗ ಕಾಲ ತಿರುಗಿದೆ. ನಾವೀಗ ಒಬ್ಬರಿಗೊಬ್ಬರು ಕೊಡುತ್ತಿರುವುದು ಬರಿಯ ಟಿಪ್ಪಣಿಗಳನ್ನಲ್ಲ. ಟಿಪ್ಪಣಿಗಳನ್ನು ತಾವಾಗಿಯೇ ತಿದ್ದುವ, ಜೋಡಿಸುವ, ಹೆಸರಿಡುವ ಯಂತ್ರಸೂತ್ರಗಳನ್ನು. ಇವುಗಳ ವಿಷಯದಲ್ಲಿ ನಾವು ತೋರುತ್ತಿರುವ ಉದಾಸೀನ ಒಳ್ಳೆಯದಲ್ಲವೆಂದು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು. ವಿಷಯ ಶುಷ್ಕವೆನಿಸಿದರೆ ವಾಚಕರು ಕ್ಷಮಿಸಬೇಕು.

ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶವನ್ನು ನಮ್ಮಲ್ಲಿ ಹಲವರು ಬಳಸುತ್ತಾರೆ. 2020ರಲ್ಲಿ ಶಿಡಾ ಲೀ ಮತ್ತು ಎರಿಕಾ ಶು ಎಂಬಿಬ್ಬರು ಇದನ್ನು ಹೊರತಂದರು. ಬರೆದದ್ದೆಲ್ಲ ನಮ್ಮ ಗಣಕಯಂತ್ರದಲ್ಲಿಯೇ, ಸಾದಾ ಅಕ್ಷರಗಳ ಕಡತಗಳಾಗಿ ಉಳಿಯುವುದು ಇದರ ಹಿರಿಮೆ. ಅದಕ್ಕೆ ಹೊರಗಿನವರು ಬರೆದ ಪ್ಲಗಿನ್‌ಗಳನ್ನು ಸೇರಿಸಬಹುದು. ಕ್ವಿಕ್‌ಆ್ಯಡ್ ಎಂಬುದು ಅಂಥದೊಂದು. ಅದರಲ್ಲಿ ನಾವು ಕಟ್ಟಿಕೊಂಡ ಕೆಲಸದ ಸರಣಿಗಳನ್ನೂ ಅವುಗಳಿಗೆ ಬೇಕಾದ ಜಾವಾಸ್ಕ್ರಿಪ್ಟ್ ಬರಹಗಳನ್ನೂ ಒಂದೇ ಪ್ಯಾಕೇಜಾಗಿ ಗಂಟುಕಟ್ಟಿ ಇನ್ನೊಬ್ಬರಿಗೆ ಕೊಡಬಹುದು. ಪಡೆದವನು ಗಂಟು ಬಿಚ್ಚಿ ಒಂದು ಗುಂಡಿ ಒತ್ತಿದರೆ ಸಾಕು. ಅಷ್ಟು ಸುಲಭವಾಗಿರುವುದರಿಂದಲೇ ಕಷ್ಟ ಹುಟ್ಟಿರುವುದು.

ಕಳೆದ ದಸರಾ ರಜೆಗೆ ಮೊದಲು ಗೆಳೆಯನೊಬ್ಬ ನನಗೆ ಇಂಥ ಗಂಟೊಂದನ್ನು ಕೊಟ್ಟ. ಹಳೆಯ ನುಡಿ ಅಕ್ಷರಗಳಲ್ಲಿದ್ದ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸೂತ್ರವದು. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳು ಕುಳಿತಿರುತ್ತವೆ. ಆದ್ದರಿಂದ ಸೂತ್ರವು ಇಂಗ್ಲಿಷ್ ಅಕ್ಷರ ಕಂಡಲ್ಲೆಲ್ಲ ಕನ್ನಡವನ್ನು ಇಡುತ್ತದೆ. ಗೆಳೆಯನ ಕಡತಗಳೆಲ್ಲ ನುಡಿಯಲ್ಲಿದ್ದುವು. ಅವನಿಗೆ ಅದು ವರವಾಯಿತು. ನನ್ನವು ಮೊದಲೇ ಯೂನಿಕೋಡಿನಲ್ಲಿದ್ದುವು, ನಡುನಡುವೆ ಇಂಗ್ಲಿಷ್ ಉದ್ಧರಣೆಗಳು, ಗ್ರಂಥಗಳ ಹೆಸರುಗಳು. ನುಡಿಯಲ್ಲಿದ್ದ ಒಂದೇ ಒಂದು ಅಧ್ಯಾಯಕ್ಕಾಗಿ ನಾನು ಗುಂಡಿ ಒತ್ತಿದೆ. ಸೂತ್ರವು ಇಡೀ ಸಂಗ್ರಹದ ಮೇಲೆ ಕೈಯಾಡಿಸಿತು. ಎರಡು ವರ್ಷಗಳ ಇತಿಹಾಸದ ಟಿಪ್ಪಣಿಗಳಲ್ಲಿ ಇಂಗ್ಲಿಷ್ ಎಂಬುದೇ ಉಳಿಯಲಿಲ್ಲ. ಅದರ ಜಾಗದಲ್ಲಿ ಯಾವ ಕವಿಯೂ ಬರೆಯದ, ಯಾವ ಪಂಡಿತನೂ ಅರ್ಥ ಹೇಳಲಾರದ ಕನ್ನಡವೊಂದು ಹುಟ್ಟಿಕೊಂಡಿತ್ತು!

ರಜೆಯಲ್ಲಿ ಊರಿಗೆ ಹೋಗಿದ್ದೆನಾಗಿ ಇದು ಕಣ್ಣಿಗೆ ಬಿದ್ದದ್ದು ಹನ್ನೆರಡು ದಿನಗಳ ಮೇಲೆ. ಅಬ್ಸಿಡಿಯನ್ ತಾನಾಗಿಯೇ ಹಳೆಯ ಪ್ರತಿಗಳನ್ನು ತೆಗೆದಿಡುತ್ತದೆ ನಿಜ. ಆದರೆ ನಾವು ಬದಲಿಸದಿದ್ದರೆ ಅವು ಏಳು ದಿನ ಮಾತ್ರ ಇರುತ್ತವೆ. ದೂರವಾಣಿಯಲ್ಲಿಯೂ ಒಂದು ಪ್ರತಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ತೆರೆದು ನೋಡಿದರೆ, ಎರಡನ್ನೂ ಸಮನಾಗಿಡುವ ವ್ಯವಸ್ಥೆ ತನ್ನ ಕರ್ತವ್ಯವನ್ನು ಪ್ರಾಮಾಣಿಕವಾಗಿ ಮಾಡಿ ಅಲ್ಲಿಯೂ ಕೆಡಿಸಿಟ್ಟಿತ್ತು. ಸಮನಾಗಿಡುವುದು ಬೇರೆ, ಕಾಪಿಡುವುದು ಬೇರೆ ಎಂಬುದು ನನಗೆ ಅಂದು ತಿಳಿಯಿತು.

ಗೆಳೆಯನನ್ನು ದೂಷಿಸೋಣವೆಂದರೆ ನನಗೆ ಆ ಅಧಿಕಾರವಿಲ್ಲ. ಅದಕ್ಕೂ ಮೊದಲು ನಾನೇ ಒಂದು ಗಂಟನ್ನು ಏಳು ಮಂದಿಗೆ ಹಂಚಿದ್ದೆ. ಕೃತಕ ಬುದ್ಧಿಮತ್ತೆಯ ಸೇವೆಯೊಂದರಿಂದ ಪಾಠದ ಸಾರಾಂಶ ತರಿಸುವ ಸೂತ್ರವದು. ನಾನು ಮುಂಗಡ ಹಣ ಕಟ್ಟಿ ಪಡೆದಿದ್ದ ಗುಪ್ತ ಕೀಲಿಸಂಖ್ಯೆ ಅದರೊಳಗೆಯೇ ಬರೆದಿತ್ತು. ಮೂರು ದಿನಗಳಲ್ಲಿ ಹಣವೆಲ್ಲ ಕರಗಿತು. ಯಾರೂ ಕದಿಯಲಿಲ್ಲ. ಏಳು ಮಂದಿಯೂ ಸಾರಾಂಶ ಓದಿದರು, ಅಷ್ಟೇ. ಕಳುಹಿಸಿದ ಸಂದೇಶವನ್ನು ಅಳಿಸಿದರೆ ಇದಕ್ಕೆ ಪರಿಹಾರವಾಗದು. ಆ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಇವೆರಡೂ ಸದುದ್ದೇಶದಿಂದ ಆದ ಅನರ್ಥಗಳು. ದುರುದ್ದೇಶ ಸೇರಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸವಿದೆ. 1999ರ ಮಾರ್ಚಿಯಲ್ಲಿ ಮೆಲಿಸ್ಸಾ ಎಂಬ ಮ್ಯಾಕ್ರೊ ವೈರಸ್ ವರ್ಡ್ ದಸ್ತಾವೇಜಿನೊಳಗೆ ಅಡಗಿ ಬಂದು, ತೆರೆದವನ ವಿಳಾಸಪಟ್ಟಿಯ ಮೊದಲ ಐವತ್ತು ಮಂದಿಗೆ ತನ್ನನ್ನು ತಾನೇ ಅಂಚೆಗೆ ಹಾಕಿಕೊಳ್ಳುತ್ತಿತ್ತು. ಪಡೆದವರು ಏಕೆ ತೆರೆದರು? ಪರಿಚಿತರ ಹೆಸರಿನಿಂದ ಬಂದಿತ್ತೆಂದು! ಹೊರಗಿನಿಂದ ಬಂದ ದಸ್ತಾವೇಜುಗಳಲ್ಲಿನ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ. ಇಪ್ಪತ್ತಮೂರು ವರ್ಷ ಹಿಡಿಯಿತು. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಬಹು ಪ್ರಚಾರದಲ್ಲಿದ್ದ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ಕರ್ತೃ, ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತನಿಗೆ ವಹಿಸಿಕೊಟ್ಟ. ಆ ಮಹಾಶಯ ಅದರಲ್ಲಿ ಬಿಟ್‌ಕಾಯಿನ್ ಕದಿಯುವ ಸೂತ್ರವನ್ನು ಹೊಂದಿಸಿದ. ನಿನ್ನೆ ನಂಬಿಕೆಗೆ ಅರ್ಹವಾಗಿದ್ದುದು ಇಂದೂ ಹಾಗೆಯೇ ಇರಬೇಕೆಂದೇನೂ ಇಲ್ಲ.

ಅಬ್ಸಿಡಿಯನ್‌ನವರು ಈ ವಿಷಯದಲ್ಲಿ ಪ್ರಾಮಾಣಿಕರು. ಹೊರಗಿನ ಪ್ಲಗಿನ್‌ಗಳಿಗೆ ಮೊದಲು ಬಾಗಿಲು ಮುಚ್ಚಿಯೇ ಇರುತ್ತದೆ. ತೆರೆದರೆ ಅವು ಗಣಕದ ಕಡತಗಳನ್ನು ಮುಟ್ಟಬಲ್ಲವು, ಅಂತರ್ಜಾಲವನ್ನು ಸೇರಬಲ್ಲವು, ಅವುಗಳ ಅಧಿಕಾರಕ್ಕೆ ಬೇಲಿ ಹಾಕಲು ತಮ್ಮಿಂದಾಗದು ಎಂದು ಅವರೇ ಬರೆದಿಟ್ಟಿದ್ದಾರೆ. ಓದುವವರು ಯಾರು? ಖಾಲಿ ಸಂಗ್ರಹವೊಂದನ್ನು ಮಾಡಿ ಅಲ್ಲಿ ಪರೀಕ್ಷಿಸಿದರಾಯಿತೆಂದು ಕೆಲವರು ಹೇಳುತ್ತಾರೆ. ನನ್ನಂಥವನ ಪ್ರಮಾದಕ್ಕೆ ಅದು ಒಳ್ಳೆಯ ಮದ್ದು, ಮಾಡಲೇಬೇಕು. ಆದರೆ ಕಳ್ಳಸೂತ್ರಕ್ಕೆ ಅದು ಮದ್ದಲ್ಲ. ಖಾಲಿ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಕಳ್ಳನಿಗೆ ಪಕ್ಕದ ಕೋಣೆಯ ದಾರಿ ಮುಚ್ಚಿದಂತಾಗಲಿಲ್ಲ.

"ನಾವು ಕಲಾ ವಿಭಾಗದವರು, ಆ ಲಿಪಿ ನಮಗೆ ಹೇಗೆ ಅರ್ಥವಾಗಬೇಕು?" ಎಂಬ ಆಕ್ಷೇಪಣೆ ಬರುವುದು ಖಂಡಿತ. ನನಗೆ ಇದು ಸೋಮಾರಿಯ ಮಾತೆಂದು ತೋರುತ್ತದೆ. ಓಲೆಗರಿಯ ಪಾಠಾಂತರಗಳನ್ನು ಹೋಲಿಸಿ ನೋಡುವ ಅಭ್ಯಾಸವುಳ್ಳವರು, ಸೂತ್ರದಲ್ಲಿ ಡಿಲೀಟ್, ಮಾಡಿಫೈ, ಫೆಚ್, ರಿಕ್ವೆಸ್ಟ್ ಎಂಬ ಪದಗಳು ಎಲ್ಲಿವೆಯೆಂದು ಹುಡುಕಲಾರರೆ? ಆ ಪದಗಳು ಕಾಣದಿದ್ದರೆ ನಿರಪಾಯವೆಂದಲ್ಲ. ಕಂಡರೆ ಕೇಳಲು ಒಂದು ಪ್ರಶ್ನೆ ಸಿಕ್ಕಿತು. ಕೊಟ್ಟವನೇ ಉತ್ತರ ಹೇಳಲಾರದೆ, "ನನಗೂ ಯಾರೋ ಕೊಟ್ಟದ್ದು" ಎಂದರೆ ಗಂಟನ್ನು ಬಿಚ್ಚದೆ ಹಿಂದಕ್ಕೆ ಕೊಡುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ಆದರೆ ಹೆಚ್ಚಿನ ಹೊಣೆ ಕೊಡುವವನದೇ ಎಂದು ನನ್ನ ಅಭಿಪ್ರಾಯ. ಒಳಗೆ ಏನಿದೆ ಎಂದು ಬಲ್ಲವನು ಅವನು. ಕೀಲಿಗಳನ್ನೂ ಸ್ವಂತ ಹೆಸರುಗಳನ್ನೂ ತೆಗೆದು, ಯಾವ ಕಡತಗಳನ್ನು ಮುಟ್ಟುತ್ತದೆ, ಹೊರಗೆ ಏನನ್ನು ಕಳುಹಿಸುತ್ತದೆ ಎಂಬುದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕೊಡತಕ್ಕದ್ದು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದಕ್ಕಾಗಿ ಒಂದು ದಾಖಲೆ ಪುಸ್ತಕವಿಟ್ಟರೆ ಎಷ್ಟೋ ಅನುಕೂಲ. ಅಧ್ಯಾಪಕ ವರ್ಗದವರು ಮನಸ್ಸು ಮಾಡಬೇಕು. ಪುಸ್ತಕದ ಬೆಲೆ ಮಹಾ ಎಷ್ಟು? ಬೇಕಾದರೆ ಮೊದಲ ಪುಟದಲ್ಲಿ ನನ್ನ ಆ ಪ್ರಸಿದ್ಧ ಸಾರಾಂಶಸೂತ್ರವನ್ನು, ಕೀಲಿಯಿಲ್ಲದೆ, ನಾನೇ ನಮೂದಿಸುತ್ತೇನೆ.

ಕೆಟ್ಟ ಟಿಪ್ಪಣಿಗಳನ್ನು ಗೆಳೆಯನೂ ನಾನೂ ಕುಳಿತು ಸಾಧ್ಯವಾದಷ್ಟು ಸರಿಪಡಿಸಿದ್ದೇವೆ. ಫ್ರಾನ್ಸಿನ ಮಹಾಕ್ರಾಂತಿಯ ಭಾಗ ಮಾತ್ರ ಇನ್ನೂ ಬಗೆಹರಿದಿಲ್ಲ. ಯಾರ ಬಳಿಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಕಾಗದದ ಮೇಲೆ ಇದ್ದರೆ ಇನ್ನೂ ಸಂತೋಷ.