ಉಸಿರಿನ ಸುಂಕ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರಿಗೆ ಮಾಕಳಿಯೆಂಬುದು ನೆಲಮಂಗಲಕ್ಕೆ ಮುಂಚೆ ಸರಿದುಹೋಗುವ ಒಂದು ಊರು, ಅಷ್ಟೆ. ಆದರೆ ಬೆಳಗಿನ ಹೊತ್ತು ಅಲ್ಲಿಯ ಹೆದ್ದಾರಿಯ ಅಂಚಿನಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ನಿಂತು ನೋಡಬೇಕು. ಲಾರಿಗಳ ಹೊಗೆ, ಅವುಗಳ ಹಿಂದೆ ಏಳುವ ಧೂಳು, ಪೀಣ್ಯದ ಕಾರ್ಖಾನೆಗಳಿಗೆ ಹೊರಟ ಕೆಲಸಗಾರರು, ಮಗುವಿನ ಮೂಗಿಗೆ ಸೆರಗು ಹಿಡಿದ ತಾಯಿ. ಈ ದಾರಿಯಲ್ಲಿ ವಾಹನಗಳು ಹಣದಲ್ಲಿ ಸುಂಕ ತೆರುತ್ತವೆ. ಬದಿಯಲ್ಲಿ ನಿಂತವರು ಉಸಿರಿನಲ್ಲಿ ತೆರುತ್ತಾರೆ.

ಕಣ್ಣಿಗೆ ಕಾಣುವ ಧೂಳನ್ನು ಮೂಗಿನ ಕೂದಲೂ ಗಂಟಲಿನ ಲೋಳೆಯೂ ಬಹುಮಟ್ಟಿಗೆ ತಡೆಯುತ್ತವೆ. ನಾವು ಅಂಜಬೇಕಾದದ್ದು ಕಾಣದ ಕಣಕ್ಕೆ. 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣ ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯುತ್ತದೆ. ಅತಿ ಸೂಕ್ಷ್ಮವಾದದ್ದು ರಕ್ತವನ್ನೂ ಸೇರುತ್ತದೆ.

ಇದು ಬರಿಯ ಭೀತಿಯಲ್ಲ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಇಪ್ಪತ್ತು ವರ್ಷ ಇಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಉಬ್ಬಸ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಆಸ್ಪತ್ರೆಯ ಲೆಕ್ಕ ಇಡೀ ಊರಿನ ಲೆಕ್ಕವಲ್ಲ. ಹೊಗೆಯೊಂದೇ ಕಾರಣವೆನ್ನುವಂತೆಯೂ ಇಲ್ಲ. ಆದರೆ ಶಾಲೆಗಳನ್ನು ಹೋಲಿಸಿ ನೋಡಿದಾಗಲೂ, ವಾಹನಗಳ ದಟ್ಟಣೆಯಿರುವ ಕಡೆಯ ಮಕ್ಕಳಲ್ಲಿಯೇ ಉಬ್ಬಸ ಹೆಚ್ಚಾಗಿ ಕಂಡಿತು. ಅವರಲ್ಲಿಯೂ ಬಡವರ ಮಕ್ಕಳಲ್ಲಿ ಮತ್ತಷ್ಟು ಹೆಚ್ಚು.

ಗಾಳಿ ಮಿತಿಯೊಳಗಿದೆಯೆಂಬ ಸಮಾಧಾನದ ಮಾತುಂಟು. ಯಾರ ಮಿತಿ? ಘನಮೀಟರು ಗಾಳಿಯಲ್ಲಿ ಈ ಸೂಕ್ಷ್ಮಕಣ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮಿನವರೆಗೆ ಇರಬಹುದೆಂದು ನಮ್ಮ ದೇಶ 2009ರಲ್ಲಿ ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಎಂಟು ಪಟ್ಟು ಅಂತರ! ಕಾನೂನಿನ ಮಿತಿಯನ್ನು ಹಿಗ್ಗಿಸಬಹುದು. ಮಗುವಿನ ಎದೆಗೂಡನ್ನು ಹಿಗ್ಗಿಸಲಾದೀತೆ?

ಕಾರ್ಖಾನೆಗಳು ಅನ್ನ ಕೊಟ್ಟಿಲ್ಲವೆ ಎಂದು ಕೇಳುವವರಿದ್ದಾರೆ. ಕೊಟ್ಟಿವೆ, ಅವನ್ನು ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಮಣ್ಣು, ಮರಳು ಹೊತ್ತ ಲಾರಿಗಳು ಹೊದಿಕೆ ಹೊದ್ದು ಸಾಗಲಿ. ರಸ್ತೆಯ ಧೂಳನ್ನು ಒಣಗಸದಿಂದ ಎಬ್ಬಿಸದೆ ನೀರು ಚಿಮುಕಿಸಿ ತೆಗೆಯಲಿ. ಹೊಸ ಶಾಲೆಗಳು ಹೆದ್ದಾರಿಯಿಂದ ದೂರ ಏಳಲಿ. 2024ರಲ್ಲಿ ಮಾದಾವರದವರೆಗೆ ಬಂದ ಮೆಟ್ರೋ ಇನ್ನೂ ಮುಂದೆ ಬರಲಿ.

ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತಿಸುವಾಗ, ಕೆಮ್ಮು ಉಬ್ಬಸಗಳಿಂದ ಬಾರದವರ ಹೆಸರಿನ ಮುಂದೆ ಒಂದು ಸಣ್ಣ ಗುರುತು ಹಾಕಿರಿ. ವರ್ಷದ ಕೊನೆಗೆ ಅವನ್ನು ಎಣಿಸಿದರೆ, ನಮ್ಮ ಮಕ್ಕಳು ತೆತ್ತ ಸುಂಕವೆಷ್ಟೆಂಬುದು ಕೊಂಚವಾದರೂ ತಿಳಿದೀತು.