ಕೃತಕ ಮಾಣಿಕ್ಯ ನಕಲಿಯೆ?

ಮಾಣಿಕ್ಯ, ನೀಲಮಣಿಗಳೆರಡೂ ಕುರುಂದವೆಂಬ ಒಂದೇ ಖನಿಜ. ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಅದರಲ್ಲಿ ಕಿಂಚಿತ್ ಕ್ರೋಮಿಯಂ ಬೆರೆತರೆ ಮಾಣಿಕ್ಯದ ಕೆಂಪು. ಕಬ್ಬಿಣ, ಟೈಟಾನಿಯಂಗಳು ಬೆರೆತರೆ ನೀಲಿ. ಈ ಪುಡಿಯನ್ನು ಉರಿಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಪ್ರಕಟಿಸಿದರು. ಇಂತಹ ಹರಳನ್ನು ನಾವು ‘ನಕಲಿ’ ಎಂದು ಜರೆಯುವುದು ಸರಿಯೆ? ಕೆಂಪು ಗಾಜು ನಕಲಿಯೇ ಸರಿ. ಇದಾದರೋ ರಚನೆಯಲ್ಲಿಯೂ ಕಾಠಿಣ್ಯದಲ್ಲಿಯೂ ಗಣಿಯ ಮಾಣಿಕ್ಯಕ್ಕೆ ಸಮ. 1960ರಲ್ಲಿ ಅಮೆರಿಕೆಯ ಮೈಮನ್ ಪ್ರಪಂಚದ ಮೊದಲ ಲೇಸರನ್ನು ಬೆಳಗಿಸಿದುದು ಕೃತಕ ಮಾಣಿಕ್ಯದಿಂದಲೇ. ಗಣಿಯ ಹರಳಿಗೆ ನಾವು ತೆರುವ ಹೆಚ್ಚಿನ ಬೆಲೆ ಅದರ ವಿರಳತೆಗೆ ಸಲ್ಲತಕ್ಕದ್ದು. ಆದುದರಿಂದ ವ್ಯಾಪಾರಿಯು ಹರಳಿನ ಹುಟ್ಟನ್ನು ಮರೆಮಾಚದೆ ತಿಳಿಸಬೇಕು. ಕೊಳ್ಳುವವರು ಅದನ್ನು ಕೇಳಿಯೇ ಹಣ ಬಿಚ್ಚಬೇಕು. ಕೃತಕ ಹರಳನ್ನು ಗಣಿಯದೆಂದು ಮಾರುವುದೇ ಮೋಸವೆಂದು ನಮ್ಮ ಅಭಿಪ್ರಾಯ.