ಮೈಕ್ ಸೆಟ್ ಬಂತು, ವಯರ್ ಯಾವುದು?

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತು. ಆ ಮಾತೇ ಕೇಳದಿದ್ದರೆ ಕೂಟ ಎಂತಕ್ಕೆ? ಮಲಯಾಳ, ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಎರಡು ಮೂರು ಗಂಟೆ ಒಳ್ಳೆಯ ಕನ್ನಡ ಕಿವಿಗೆ ಬೀಳುವ ಜಾಗ ಬೇರೆ ಎಷ್ಟು ಉಂಟು?

ಸಂಘಟಕರು ಮೈಕ್ ಸೆಟ್ ಗೊತ್ತು ಮಾಡುವಾಗ ಕೇಳುವುದು ಎರಡೇ: ಬಾಕ್ಸ್ ಎಷ್ಟು, ಬಾಡಿಗೆ ಎಷ್ಟು. ವಯರಿನ ಸುದ್ದಿ ಯಾರೂ ಎತ್ತುವುದಿಲ್ಲ. ಅರ್ಧ ತೊಂದರೆ ಇರುವುದು ಅಲ್ಲಿಯೇ.

ಮೈಕಿನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್. ಒಂದು ತಂತಿ, ಸುತ್ತ ಜಾಲರಿ, ತುದಿಗೆ ಕಾಲಿಂಚಿನ ಮೊನೋ ಜಾಕ್: ಇಂಥ ಕೇಬಲ್ ಐದಾರು ಮೀಟರಿಗೆ ಸಾಕು. ಅದನ್ನೇ ಸಭಾಂಗಣದ ಹಿಂದಿರುವ ಮಿಕ್ಸರ್‌ವರೆಗೆ ಎಳೆದರೆ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದೂ ಸೇರಿಕೊಳ್ಳುತ್ತದೆ. ದೂರಕ್ಕೆ ಬೇಕಾದದ್ದು ಜಾಲರಿಯೊಳಗೆ ಎರಡು ತಂತಿ ಇರುವ ಬ್ಯಾಲೆನ್ಸ್‌ಡ್ ಕೇಬಲ್, ಎರಡೂ ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಹೊರಗಿನ ಗದ್ದಲ ಎರಡು ತಂತಿಗೂ ಸಮನಾಗಿ ತಾಗುತ್ತದೆ; ಮಿಕ್ಸರ್ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ಗದ್ದಲ ಅಲ್ಲಿಗೇ ವಜಾ. ಮಿಕ್ಸರ್ ಕಡೆಗೆ ಮಾತ್ರ ಮೊನೋ ಜಾಕ್ ಬೆಸೆದರೋ, ಆ ಲಾಭವೆಲ್ಲ ಹೋಯಿತು.

ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುವವರಿದ್ದಾರೆ. ಮಳೆಗಾಲದ ಒದ್ದೆ ನೆಲದಲ್ಲಿ ಮೈಕ್ ಮುಟ್ಟುವವರ ಜೀವದ ಜತೆ ಆಟ ಅದು, ಮಾರಾಯ್ರೇ! ಮೈಕಿನ ಕೇಬಲನ್ನು ಕರೆಂಟ್ ವಯರಿನ ಜತೆ ಸೇರಿಸಿ ಕಟ್ಟದೆ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಿಸಿದರೆ ಸದ್ದು ಎಷ್ಟೋ ಕಮ್ಮಿಯಾಗುತ್ತದೆ.

ಸ್ಪೀಕರಿನ ಲೆಕ್ಕ ಬೇರೆ. ಅಲ್ಲಿ ಜಾಲರಿ ಬೇಡ, ದಪ್ಪ ತಾಮ್ರ ಬೇಕು. ಒಟ್ಟು 4 ಓಮಿನ ಬಾಕ್ಸ್‌ಗಳಿಗೆ 1 ಚದರ ಮಿ.ಮೀ. ವಯರನ್ನು 30 ಮೀಟರ್ ಎಳೆದರೆ ಆಂಪ್ಲಿಫಯರ್ ಕೊಡುವ ಶಕ್ತಿಯ ಐದರಲ್ಲೊಂದು ಪಾಲು ವಯರಿನಲ್ಲೇ ಕರಗುತ್ತದೆ. 2.5 ಚದರ ಮಿ.ಮೀ. ಆದರೆ ನಷ್ಟ ಹತ್ತರಲ್ಲೊಂದಕ್ಕಿಂತ ಕಮ್ಮಿ. 100 ವೋಲ್ಟ್ ಲೈನಿನ ಹಾರ್ನ್‌ಗಳಿಗೆ ಮಾತ್ರ ಸಪೂರ ವಯರೂ ನಡೆಯುತ್ತದೆ.

ಚಿನ್ನದ ಲೇಪದ ದುಬಾರಿ ಪಿನ್ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಬೆಸುಗೆ ಗಟ್ಟಿ ಇದ್ದರೆ ಸಾಕು. ಮುಂದಿನ ಕೂಟಕ್ಕೆ ಮುಂಗಡ ಕೊಡುವಾಗ "ಮೈಕಿನ ಕೇಬಲ್ ಎಕ್ಸ್‌ಎಲ್‌ಆರಾ?" ಅಂತ ಒಂದು ಮಾತು ಕೇಳಿ. ಮತ್ತೆ ಚೆಂಡೆಗೆ ಪೆಟ್ಟು ಬೀಳುವ ಮೊದಲು ಒಂದೊಂದೇ ಪಿನ್ ಅಲ್ಲಾಡಿಸಿ ನೋಡಲು ಆ ಮೈಕಿನ ಹುಡುಗರಿಗೆ ಕಾಲು ಗಂಟೆ ಬಿಟ್ಟುಕೊಡಿ.